ಮರ್ಯಾದೆಯ ತಂತಿ

ದೋಣಿಯ ಎಂಜಿನ್ ಮೇಲಿನ ಹಲಗೆ ಎತ್ತಿದ್ದೇ ತಡ, ಸುಟ್ಟ ವಾರ್ನಿಶ್ ವಾಸನೆ ಮುಖಕ್ಕೆ ರಾಚಿತು. ಮಗಳು ಒಳಗೆ ಬಗ್ಗಿ ನೋಡಿದಳು. ಎಂಜಿನ್ ತಿರುಗುವಾಗ ಬ್ಯಾಟರಿಗಳಿಗೆ ಕರೆಂಟ್ ತುಂಬುವ ಆಲ್ಟರ್ನೇಟರ್ ಎಷ್ಟು ಕಾದಿತ್ತೆಂದರೆ, ಅದರ ಮೇಲೆ ಒಂದು ವಾರದ ಬಟ್ಟೆಗೆ ಇಸ್ತ್ರಿ ಹಾಕಬಹುದಿತ್ತು.

"ಎಂಜಿನ್ ಆಫ್ ಮಾಡಪ್ಪ. ಈಗಲೇ."

ಚುಕ್ಕಾಣಿಯ ಬಳಿ ನಿಂತಿದ್ದ ಅಪ್ಪ ಆಫ್ ಮಾಡಿದರು. ದೋಣಿ ತಪಾಸಣೆಯ ಇನ್ಸ್‌ಪೆಕ್ಟರ್ ಬರಲು ಒಂದು ಗಂಟೆಯಿತ್ತು. ಇವತ್ತು ಪಾಸಾದರೆ ದೋಣಿಗೆ ಜನರನ್ನು ಹತ್ತಿಸಿಕೊಳ್ಳುವ ಪರವಾನಗಿ. ಇಲ್ಲವಾದರೆ ಆಚೆ ದಡದ ಶಾಲೆ, ಆಸ್ಪತ್ರೆಗೆ ಹೋಗುವವರೆಲ್ಲ ಪಕ್ಕದ ಕಟ್ಟೆಯ ದೋಣಿಯ ಪಾಲು. ಅರ್ಜಿಯಲ್ಲಿ 'ವಿದ್ಯುತ್ ಕೆಲಸಕ್ಕೆ ಹೊಣೆ' ಎಂಬ ಕಡೆ ಮಗಳ ಸಹಿ ಬಿದ್ದಿತ್ತು. ಹನ್ನೊಂದು ವರ್ಷ ಇನ್ನೊಬ್ಬರ ಕೈಕೆಳಗೆ ದೋಣಿಗಳಿಗೆ ತಂತಿ ಎಳೆದವಳು ತನ್ನ ಹೆಸರಿನಲ್ಲಿ ಹೊಣೆ ಹೊತ್ತ ಮೊದಲನೆಯ ದೋಣಿ ಇದು.

ಟಾರ್ಚ್ ಬೆಳಕು ಬಿಟ್ಟಳು. ಅಪ್ಪನ ಹಳೇ ಸೀಸದ ಬ್ಯಾಟರಿಯ ಪಕ್ಕದಲ್ಲಿ ಗಂಡ ತಂದಿದ್ದ ಹೊಸ ಲಿಥಿಯಂ ಬ್ಯಾಟರಿ. ಎರಡನ್ನೂ ಹೆಬ್ಬೆರಳ ದಪ್ಪದ ಕೆಂಪು ತಂತಿಯೊಂದು ನೇರವಾಗಿ ಬೆಸೆದಿತ್ತು. ನಿನ್ನೆ ಸಂಜೆ ಆ ತಂತಿ ಇರಲಿಲ್ಲ.

"ಇದನ್ನ ಕಟ್ಟಿದ್ದು ಯಾರು?"

"ಮಾವ ಹೇಳಿದ್ರು, ನಿಮ್ಮದೇ ಇರ್ಲಿ, ನಂದು ತೆಗೆದುಬಿಡಿ ಅಂತ," ಎಂದ ಪಕ್ಕದಲ್ಲಿ ನಿಂತಿದ್ದ ಗಂಡ. "ಹಿರಿಯರು ಇಟ್ಟಿದ್ದನ್ನ ತೆಗೆಯೋಕಾಗತ್ತಾ?"

"ಅಳಿಯಂದಿರು ಅಷ್ಟು ಪ್ರೀತಿಯಿಂದ ತಂದದ್ದನ್ನ ಮೂಲೇಲಿ ಕೂರಿಸೋಕಾಗತ್ತಾ?" ಎಂದರು ಅಪ್ಪ. "ಅದಕ್ಕೇ ಎರಡನ್ನೂ ಸೇರಿಸಿಬಿಟ್ವಿ. ಕರೆಂಟ್ ಅಂದ್ಮೇಲೆ ಎಲ್ಲಾ ಕರೆಂಟೂ ಒಂದೇ ಅಲ್ವೇನಮ್ಮ?"

ಒಬ್ಬರ ಮಾನವನ್ನು ಇನ್ನೊಬ್ಬರು ಕಾಪಾಡಿದ ತೃಪ್ತಿ ಇಬ್ಬರ ಮುಖದಲ್ಲೂ ಇತ್ತು. ಮನೆಯಲ್ಲೂ ಇದೇ ಕಥೆ. ಫ್ಯಾನು ಇಬ್ಬರಿಗೂ ಬೇಡ. ಆದರೆ ಇನ್ನೊಬ್ಬರಿಗೆ ಬೇಕಿರಬಹುದೆಂದು ಆಫ್ ಮಾಡದೆ ಇಬ್ಬರೂ ನಡುಗುತ್ತ ಕೂತದ್ದುಂಟು. ಇವರು ಒಮ್ಮೆಯಾದರೂ ಚೆನ್ನಾಗಿ ಜಗಳವಾಡಿದ್ದರೆ ಆಲ್ಟರ್ನೇಟರ್ ಇವತ್ತು ತಣ್ಣಗಿರುತ್ತಿತ್ತು.

"ಕೇಳಪ್ಪ. ನಿನ್ನ ಸೀಸದ್ದು ನಿನ್ನ ಥರಾನೇ. ನಿಧಾನದ ಊಟ. ಹೊಟ್ಟೆ ತುಂಬ್ತಾ ಬಂದ ಹಾಗೆ ತುತ್ತು ಚಿಕ್ಕದಾಗತ್ತೆ. ಈ ಲಿಥಿಯಂ ಇದ್ಯಲ್ಲ, ಇದು ಇವರ ಥರ. ಬಡಿಸಿದಷ್ಟೂ ಬಾಚ್ಕೊಳ್ಳತ್ತೆ. ಬಡಿಸೋರು ಸುಸ್ತಾಗಿ ಬಿದ್ರೂ ತಲೆ ಎತ್ತಿ ನೋಡಲ್ಲ. ಇಬ್ರನ್ನೂ ಒಂದೇ ತಟ್ಟೆಗೆ ಕೂರಿಸಿದ್ದೀರ. ಬಡಿಸ್ತಾ ಇರೋ ಆಲ್ಟರ್ನೇಟರ್ ಪ್ರಾಣ ಹೋಗ್ತಾ ಇದೆ."

"ನಾನು ಅಷ್ಟೊಂದು ತಿಂತೀನಾ?" ಎಂದ ಗಂಡ.

"ಛೆ ಛೆ, ಎಲ್ಲಿ ತಿಂತೀರಿ," ಎಂದರು ಮಾವ, ತಡಮಾಡದೆ.

ಅವಳು ಕೆಂಪು ತಂತಿಯನ್ನು ಬಿಚ್ಚಿ ಬದಿಗೆ ಎಸೆದಳು. ಚೀಲದಿಂದ ದಪ್ಪ ಪುಸ್ತಕದಷ್ಟಿದ್ದ ಅಲ್ಯೂಮಿನಿಯಂ ಪೆಟ್ಟಿಗೆಯೊಂದನ್ನು ತೆಗೆದು ಎರಡು ಬ್ಯಾಟರಿಗಳ ಮಧ್ಯದ ಹಲಗೆಗೆ ಬಿಗಿದಳು. ಇನ್ನು ಆಲ್ಟರ್ನೇಟರಿನ ಕರೆಂಟ್ ಮೊದಲು ಸೀಸದ ಬ್ಯಾಟರಿಗೆ, ಅಲ್ಲಿಂದ ಪೆಟ್ಟಿಗೆಗೆ, ಪೆಟ್ಟಿಗೆ ಅಳೆದು ಕೊಟ್ಟಷ್ಟು ಮಾತ್ರ ಲಿಥಿಯಂಗೆ. ಸೀಸದ್ದು ಎಂಜಿನ್ ಎಬ್ಬಿಸಲಿಕ್ಕೆ, ಲಿಥಿಯಂ ದೀಪಕ್ಕೆ, ಪಂಪಿಗೆ. ಅಪ್ಪ ಟಾರ್ಚ್ ಹಿಡಿಯುವ ಗೌರವವನ್ನು ಅಳಿಯನಿಗೆ ಬಿಟ್ಟುಕೊಟ್ಟರು, ಅಳಿಯ ಮಾವನಿಗೆ. ಕೊನೆಗೆ ಅವಳು ಅದನ್ನು ತನ್ನ ಹಲ್ಲಲ್ಲೇ ಕಚ್ಚಿಕೊಂಡು ಕೆಲಸ ಮುಗಿಸಿದಳು.

ಇನ್ಸ್‌ಪೆಕ್ಟರ್ ಸರಿಯಾದ ಹೊತ್ತಿಗೇ ಬಂದರು. ಸಣಕಲು ಮನುಷ್ಯ, ಮಾತು ಅದಕ್ಕಿಂತ ಸಣಕಲು. ಎಲ್ಲ ನೋಡಿ, ಕಡೆಗೆ ಎಂಜಿನ್ ಬಳಿ ಕುಕ್ಕರಗಾಲಲ್ಲಿ ಕೂತರು.

"ಎರಡು ಥರದ ಬ್ಯಾಟರಿ. ಚಾರ್ಜ್ ಆಗ್ತಿರೋವಾಗಲೇ ಈ ಲಿಥಿಯಂ ದಿಢೀರ್ ಅಂತ ಬಾಗಿಲು ಹಾಕ್ಕೊಳ್ಳೋದುಂಟು. ಆಗ ಕರೆಂಟಿಗೆ ಹೋಗೋಕೆ ಜಾಗ ಇಲ್ದೆ ಆಲ್ಟರ್ನೇಟರ್ ಸುಟ್ಟುಹೋಗಿರೋ ಮೂರು ದೋಣಿ ನೋಡಿದ್ದೀನಿ, ಈ ವರ್ಷ."

"ಇದು ಸುಡಲ್ಲ ಸಾರ್. ಬಾಯಲ್ಲಿ ಹೇಳ್ಲಾ, ತೋರಿಸ್ಲಾ?" ಎಂದಳು.

"ಸುಟ್ರೆ ಫೇಲು. ನಿಮ್ಮ ಸಹಿಗೂ ಬೆಲೆ ಇರಲ್ಲ."

"ಗೊತ್ತು ಸಾರ್."

ದೋಣಿ ಕಟ್ಟೆಗೆ ಕಟ್ಟಿದ್ದ ಹಾಗೇ ಎಂಜಿನ್ ಶುರುವಾಯಿತು. ಅವಳ ಸನ್ನೆಗೆ ಅಪ್ಪ ವೇಗವನ್ನು ಪೂರ್ತಿ ಏರಿಸಿ, ನೋಡಲೇಬೇಕೆಂದು ಅವಳ ಬೆನ್ನ ಹಿಂದೆ ಬಂದು ನಿಂತರು. ಲಿಥಿಯಂ ಗಬಗಬನೆ ತುಂಬಿಕೊಳ್ಳತೊಡಗಿತ್ತು. ಚಾರ್ಜಿನ ನಡುವೆಯೇ ಅದರ ಬಾಗಿಲು ಹಾಕಲೆಂದು ಅದರ ಸ್ವಿಚ್ಚಿನ ಮೇಲೆ ಮಗಳು ಕೈಯಿಟ್ಟಳು.

"ಬಾಯಲ್ಲೇ ಹೇಳಿಬಿಡೇ," ಎಂದು ಗಂಡ ಪಿಸುಗುಟ್ಟಿದ.

ಅವಳು ಸ್ವಿಚ್ ತಿರುಗಿಸಿದಳು. ಕಟಕ್.

ಎಂಜಿನ್ ಅದೇ ಲಯದಲ್ಲಿ ಗುಡುಗುಟ್ಟುತ್ತಿತ್ತು. ಲಿಥಿಯಂ ಬೇಡವೆಂದದ್ದನ್ನು ಸೀಸದ ಬ್ಯಾಟರಿ ಸದ್ದಿಲ್ಲದೆ ನುಂಗಿಕೊಂಡಿತು. ಮೀಟರಿನ ಮುಳ್ಳು ಕೂದಲೆಳೆಯಷ್ಟು ಮೇಲೆದ್ದು, ಮತ್ತೆ ತನ್ನ ಜಾಗದಲ್ಲಿ ಕೂತಿತು. ಇನ್ಸ್‌ಪೆಕ್ಟರ್ ಇಪ್ಪತ್ತು ಎಣಿಸುವಷ್ಟು ಹೊತ್ತು ಅದನ್ನೇ ದಿಟ್ಟಿಸಿ, ಮೊಣಕಾಲ ಮೇಲೆ ಕಾಗದವಿಟ್ಟು ಸಹಿ ಹಾಕಿ ಅವಳ ಕೈಗೆ ಕೊಟ್ಟರು.

ತೋರಿಸೋಣವೆಂದು ಅವಳು ಹಿಂದೆ ತಿರುಗಿದಳು. ಮಾವ ಅಳಿಯ ಇಬ್ಬರೂ ಕಣ್ಣು ಬಿಗಿಯಾಗಿ ಮುಚ್ಚಿ, ಒಬ್ಬರ ಕೈಯನ್ನೊಬ್ಬರು ಗಟ್ಟಿಯಾಗಿ ಹಿಡಿದು, ಇನ್ನೂ ಢಮಾರ್ ಸದ್ದಿಗೆ ಕಾಯುತ್ತಿದ್ದರು. "ಆಯ್ತು, ಪಾಸು," ಎಂದಳು. ಇಬ್ಬರೂ ಕಣ್ಣು ತೆರೆದರು. ಕೈಯನ್ನು ಮಾತ್ರ ಬಿಡಲಿಲ್ಲ. ಮೊದಲು ಬಿಟ್ಟವರು ಮರ್ಯಾದೆಗೆಟ್ಟವರಾಗುತ್ತಾರಲ್ಲ.