ಮೊದಲು ಉಗುಳಿದವರು

ಪತ್ನಿಯ ವರ್ಷಾಬ್ದಿಕ ಮುಗಿಸಿ ಕಚೇರಿಗೆ ಬಂದ ಹಿರಿಯರು ತಾವೇ ಕಟ್ಟಿದ ತಪಾಸಣಾ ತಂತ್ರಾಂಶವನ್ನು ತೆರೆದರು. ಇನ್ನೂರು ಮಂದಿ ಬರೆಯುವ ಕಂಪ್ಯೂಟರ್ ಕೋಡು ಒಂದೇ ಶೈಲಿಯಲ್ಲಿರುವಂತೆ ಕಾಯುವುದು ಅದರ ಕೆಲಸ. "ಈ ಸಾಲನ್ನು ನೋಡಬೇಡ" ಎಂದು ಅದರ ಕಣ್ಣು ಮುಚ್ಚಿಸಲು ಬರೆಯುವವರೇ ಹಾಕಿಕೊಂಡ ಗುರುತು ಒಂಬೈನೂರು ಕಡೆ ಸಿಕ್ಕಿತು.

"ಥೂ! ಮೆಟ್ಟಿಲ ಮೂಲೇಲಿ ದೇವರ ಟೈಲ್ಸ್ ಅಂಟಿಸಿದ್ರೂ ಉಗುಳ್ತಾರಲ್ಲ, ಇವರೂ ಆ ಜಾತಿ. ಒಬ್ಬ ಉಗುಳಿದ್ರೆ ಎಲ್ಲರಿಗೂ ಧೈರ್ಯ. ಮೊದಲು ಉಗುಳಿದವನು ಯಾರು ನೋಡಮ್ಮ, ಇವತ್ತೇ ತಂಡದಿಂದ ತೆಗೀತೀನಿ."

ಯಾವ ಸಾಲನ್ನು ಯಾರು, ಯಾವತ್ತು ಬರೆದರೆಂಬ ಹಳೆಯ ದಾಖಲೆ ತೆರೆದು ನೋಡಿದ ಕಿರಿಯ ಸಹೋದ್ಯೋಗಿ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಹೆಸರು ಹೇಳಮ್ಮ."

"ಬಿಡಿ ಸರ್. ಪಾಪ, ಅವಸರದಲ್ಲಿ ಹಾಕಿದ್ದಾರೆ."

"ಅಂಥಾ ಅವಸರ ಏನಿತ್ತಂತೆ?"

"ಆಸ್ಪತ್ರೆಯಿಂದ ನಿಮಗೆ ಫೋನ್ ಬಂದಿತ್ತಲ್ಲ ಸರ್, ನಿಮ್ಮ ಮನೆಯವರು ಹೋದ ದಿನ."