ಹೊಸ ವಿಮಾನದ ಸುದ್ದಿ

ಕಳೆದ ವಾರ ಹಳೆಯ ಯುದ್ಧವಿಮಾನವೊಂದು ಪತನವಾದಂದಿನಿಂದ ಸೊಸೆ ನೆಟ್ಟಗೆ ಉಂಡಿರಲಿಲ್ಲ. ಅವಳ ಗಂಡ ಹಾರಿಸುತ್ತಿದ್ದುದೂ ಅಂಥದ್ದನ್ನೇ. ಮೇಲಾಗಿ ತುಂಬು ಬಸುರಿ. ಫೋನ್ ಸದ್ದಾದಾಗಲೆಲ್ಲ ಸುಗುಣಮ್ಮನ ಎದೆಯೂ ಧಸಕ್ಕೆನ್ನುತ್ತಿತ್ತು.

ಇವತ್ತು ಸೊಸೆ ತಾನಾಗಿ ಅಡುಗೆಮನೆಗೆ ಬಂದಳು.

“ಅತ್ತೆ, ಇದನ್ನೊಂಚೂರು ಓದಿ. ಯಾವುದೋ ಗ್ರೂಪಲ್ಲಿ ಬಂತಂತೆ, ಇವರು ಕಳಿಸಿದಾರೆ.”

‘ಹೊಸ ಯುದ್ಧವಿಮಾಣಗಳ ಖರೀದಿ ಪೂರ್ಣ. ಹಳೆಯ ವಿಮಾಣಗಳು ಇಂದಿನಿಂದ ಹಾರುವುದಿಲ್ಲ.’

“ಯಾವ ಪೇಪರಿನದಮ್ಮ ಇದು?”

“ಹೆಸರೇ ಇಲ್ಲ. ಟೀವಿಯಲ್ಲೂ ಬಂದಿಲ್ಲ. ಕೇಳೋಣ ಅಂದ್ರೆ ಇವರ ಫೋನ್ ಆಫ್ ಆಗಿದೆ. ನೀವು ಕನ್ನಡ ಮೇಡಂ ಆಗಿದ್ದೋರು, ಓದಿದ್ರೆ ಗೊತ್ತಾಗಲ್ವಾ, ನಿಜಾನೋ ಸುಳ್ಳೋ ಅಂತ?”

ಸುಗುಣಮ್ಮ ಕನ್ನಡಕ ಏರಿಸಿಕೊಂಡು ಇನ್ನೊಮ್ಮೆ ಓದಿದರು. ಫೋನಿಗೆ ಹತ್ತಿದ ಹಿಟ್ಟನ್ನು ಸೆರಗಿನಿಂದ ಒರೆಸಿ ಹಿಂದಕ್ಕೆ ಕೊಟ್ಟರು.

“ನಿಜ ಸುದ್ದಿನೇ ಕಣಮ್ಮ. ತಟ್ಟೆ ಹಾಕ್ತೀನಿ, ಕೂತ್ಕೋ.”

ಎಷ್ಟೋ ದಿನದ ಮೇಲೆ ಸೊಸೆ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಸುಗುಣಮ್ಮ ಒಲೆಯ ಕಡೆ ಮುಖ ತಿರುಗಿಸಿ ನಿಂತರು.

ಮೂರನೇ ಕ್ಲಾಸಿನಿಂದ ಎಷ್ಟು ತಿದ್ದಿದರೂ ‘ವಿಮಾನ’ಕ್ಕೆ ‘ಣ’ ಬರೆಯುವುದನ್ನು ಬಿಡದವನು ಅವರ ಮಗನೊಬ್ಬನೇ.