ಕೆಂಪು ಕುರ್ಚಿ

ತನ್ನ ಮನೆಯ ದ್ರಾಕ್ಷಿ ಚಪ್ಪರದ ಕೆಳಗೆ ನೀಲಿ ಕಾಫಿ ಅಂಗಡಿಯ ಯಾಕೋವಿಸ್ ಬಂದು ನಿಂತದ್ದನ್ನು ಕಂಡಾಗ, ಯಾರೋ ಸತ್ತಿರಬೇಕು ಎಂದುಕೊಂಡ ಟೋಫಿಸ್. ಬೇರೆ ಯಾವ ಕಾರಣಕ್ಕೂ ಒಬ್ಬ ನೀಲಿಯವನು ಕೆಂಪಿನವನ ಅಂಗಳ ತುಳಿದದ್ದು ಸೈಪ್ರಸ್‌ನ ಆ ಊರಿನಲ್ಲಿ ಯಾರಿಗೂ ನೆನಪಿಲ್ಲ.

"ಯಾರು ಹೋದ್ರೋ?"

"ಇನ್ನೂ ಯಾರೂ ಹೋಗಿಲ್ಲ. ಹೋಗ್ತಿರೋದು ನನ್ನ ಅಂಗಡಿ," ಎಂದ ಯಾಕೋವಿಸ್, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ. "ನೀನು ದಿನಾ ಸಂಜೆ ಬಂದು ನಮ್ಮನ್ನ ಬೈಯಬೇಕು ಮಾರಾಯ."

ಊರಿನ ಚೌಕದ ಆ ಬದಿಗೆ ಬಲಪಂಥದವರ ನೀಲಿ ಅಂಗಡಿ, ಈ ಬದಿಗೆ ಎಡಪಂಥದವರ ಕೆಂಪು ಅಂಗಡಿ. ಈಸ್ಟರ್ ಮುಗಿಸಿಕೊಂಡು ಲಿಮಸೋಲ್ ಪಟ್ಟಣದ ಮಗಳ ಮನೆಗೆ ಹೋದ ಕೆಂಪು ಅಂಗಡಿಯವನು ತಿರುಗಿ ಬರಲೇ ಇಲ್ಲ. ಗಿರಾಕಿಗಳಲ್ಲಿ ಕೆಲವರು ಪಟ್ಟಣ ಸೇರಿದ್ದರು, ಕೆಲವರು ಚರ್ಚಿನ ಹಿಂದಿನ ಮಣ್ಣು. ಉಳಿದ ಒಬ್ಬನೇ ಕೆಂಪಿನವನು ಟೋಫಿಸ್. ಈಗ ಮನೆಯಲ್ಲೇ ಕಾಫಿ ಕುಡಿದು ರೇಡಿಯೋ ಜೊತೆ ಜಗಳವಾಡುತ್ತಿದ್ದ. ರೇಡಿಯೋ ತಿರುಗಿ ಬೀಳುತ್ತಿರಲಿಲ್ಲ. ಹೆಂಡತಿ ಮಿಲಿಯಾ ಎಲ್ಲಕ್ಕೂ "ಹೌದು, ಹೌದು" ಅನ್ನುತ್ತಿದ್ದಳು. ಅದನ್ನು ಸಹಿಸುವುದು ಇನ್ನೂ ಕಷ್ಟವಾಗಿತ್ತು.

"ಈ ಕಡೆಯಿಂದ ನೀವು ಕೂಗ್ತಿದ್ರಿ, ನಮ್ಮೋರಿಗೆ ಮೈ ಉರೀತಿತ್ತು," ಎಂದ ಯಾಕೋವಿಸ್. "ನಿಮಗೆ ಉತ್ತರ ಕೊಡೋಕೆ ಇನ್ನೊಂದು ಕಾಫಿ, ನೀವು ಅದಕ್ಕೆ ಏನೋ ಅಂದ್ರಿ ಅಂತ ಮತ್ತೊಂದು. ಈಗ ಎಲ್ಲರದ್ದೂ ಒಂದೇ ಮಾತು, ಒಂದೇ ಕಾಫಿ. ಕುಡೀತಾರೆ, ಎದ್ದು ಹೋಗ್ತಾರೆ. ಹೀಗೇ ಆದ್ರೆ ದ್ರಾಕ್ಷಿ ಕೊಯ್ಲಿಗೆ ಮುಂಚೆ ಬಾಗಿಲು ಹಾಕ್ತೀನಿ. ಆಮೇಲೆ ನೀನೂ ನಾನೂ ಕೋಳಿಗಳ ಜೊತೆ ರಾಜಕೀಯ ಮಾತಾಡ್ಕೊಂಡಿರೋಣ."

"ಕರಕೊಂಡು ಹೋಗಪ್ಪ," ಒಳಗಿನಿಂದ ಮಿಲಿಯಾ ಕೂಗಿದಳು. "ದೇವಮಾತೆ ನಿನ್ನನ್ನ ಚೆನ್ನಾಗಿಟ್ಟಿರ್ಲಿ!"

ಟೋಫಿಸ್ ಗಂಟಲು ಸರಿಮಾಡಿಕೊಂಡ. "ನಿನ್ನ ಬಾಗಿಲ ಮೇಲೆ ಆ ಹಣಕಾಸು ಮಂತ್ರಿಯ ಪಟ ತೂಗುಹಾಕಿದ್ದೀಯಲ್ಲ, ಅದರ ಕೆಳಗೆ ನಾನು ನುಸುಳೋನಲ್ಲ."

"ಅಡುಗೆಮನೆ ಬಾಗಿಲಿಂದ ಬಾ."

"ನಿಮ್ಮ ನೀಲಿ ಕುರ್ಚಿ ಮೇಲೂ ಕೂರಲ್ಲ."

"ನಿಂದೇ ಹೊತ್ಕೊಂಡು ಬಾರೋ."

ಮರುದಿನ ಸಂಜೆ, ಮುಚ್ಚಿದ ಅಂಗಡಿಯ ಜಗಲಿಯಲ್ಲಿ ಬಿದ್ದಿದ್ದ ಕೆಂಪು ಕುರ್ಚಿಯನ್ನು ತಲೆಯ ಮೇಲಿಟ್ಟುಕೊಂಡು ಟೋಫಿಸ್ ಚೌಕ ದಾಟಿದ. "ಬಂದ ನೋಡ್ರೋ, ಮಾಸ್ಕೋ ರಾಯಭಾರಿ!" ಎಂದ ನಿವೃತ್ತ ಪೊಲೀಸ್ ಸಾವಾಸ್. "ನಿಮ್ಮ ಬ್ಯಾಂಕಿನ ಕಳ್ಳರಿಗಿಂತ ವಾಸಿ ಕಣೋ," ಎಂದ ಟೋಫಿಸ್, ಕುರ್ಚಿ ಇಳಿಸುವ ಮುಂಚೆಯೇ. ಅಷ್ಟು ಸಾಕಾಯಿತು. ಅಂದು ಯಾಕೋವಿಸ್‌ನ ಸಕ್ಕರೆ ಡಬ್ಬಿ ಬರಿದಾಯಿತು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಪಗಡೆ ಹಲಗೆಗಳ ದೂಳು ಕೊಡವಿದರು. ಟೋಫಿಸ್‌ನ ಹಳೇ ಕೆಮ್ಮು ಕೂಡ ಎಲ್ಲಿ ಹೋಯಿತೋ ಎಂದು ಮಿಲಿಯಾ ಬೆರಗಾದಳು.

ಕೊಯ್ಲು ಹತ್ತಿರವಾದ ಒಂದು ಸಂಜೆ ಟಿವಿಯಲ್ಲಿ ಟೈ ಕಟ್ಟಿದ ಪಂಡಿತನೊಬ್ಬ ಸೈಪ್ರಸ್‌ನ ಮುಂದಿನ ವರ್ಷದ ಭವಿಷ್ಯ ಹೇಳುತ್ತಿದ್ದ. ಆರ್ಥಿಕತೆ ಬಲವಾಗಿದೆಯಂತೆ, ಸರಕಾರ ಭದ್ರವಾಗಿದೆಯಂತೆ. ಪಕ್ಕದಲ್ಲಿ ಆ ಮಂತ್ರಿ ಮದುವೆ ಗಂಡಿನ ಹಾಗೆ ನಗುತ್ತ ಕೂತಿದ್ದ. ಟೋಫಿಸ್ ಜಗಳಕ್ಕೆ ಅಂಗಿಯ ತೋಳು ಮಡಿಸಿಕೊಂಡ. ಆದರೆ ಅವನಿಗಿಂತ ಮೊದಲು ಸಾವಾಸ್ ಮೇಜು ಗುದ್ದಿದ.

"ಯಾರಪ್ಪಂದು ಬಲವಾಗಿದೆ? ಬಲವಾಗಿರೋದು ನನ್ನ ಕರೆಂಟ್ ಬಿಲ್ಲು! ಮೊಮ್ಮಗಳು ಬಾಡಿಗೆ ಮನೆ ಹುಡುಕಿ ಹುಡುಕಿ ಮದುವೇನೇ ಮುಂದೆ ಹಾಕಿದಾಳೆ. ಈ ಮಂತ್ರಿ ಪಕ್ಷಕ್ಕೆ ನಾನು ಓಟು ಬೇರೆ ಹಾಕಿದೆ!"

"ನಿಜ, ನಿಜ," ಎಂದಿತು ಇಡೀ ಅಂಗಡಿ. ಸಾವಾಸ್ ಕುರ್ಚಿ ಹತ್ತಿ ಬಾಗಿಲ ಮೇಲಿನ ಪಟ ಕಿತ್ತು, ಮಂತ್ರಿಯ ಮುಖವನ್ನು ಗೋಡೆಗೆ ತಿರುಗಿಸಿ ನೆಲದ ಮೇಲಿಟ್ಟ. ಆಮೇಲೆ ಟೋಫಿಸ್ ಕಡೆ ನೋಡಿ, "ಇಷ್ಟು ವರ್ಷ ನೀನು ಹೇಳಿದ್ದೇ ಸರಿ ಕಣೋ," ಎಂದ.

ಈ ಒಂದು ಮಾತಿಗಾಗಿ ಟೋಫಿಸ್ ಜೀವಮಾನವೆಲ್ಲ ಕಾದಿದ್ದ. ಬಾಯಿ ತೆರೆದ. ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಎಲ್ಲವನ್ನೂ ಅವರೇ ಹೇಳಿಯಾಗಿತ್ತು. ಒಬ್ಬ ಲೋಟದ ತಳದ ನೀರು ಕುಡಿದು ಟೋಪಿ ಹಾಕಿಕೊಂಡ. ಇನ್ನೊಬ್ಬ ಕೋಲಿಗೆ ತಡಕಾಡಿದ. ಕಾಫಿ ಕುದಿಸುವ ಪುಟ್ಟ ಪಾತ್ರೆ ಹಿಡಿದು ನಿಂತಿದ್ದ ಯಾಕೋವಿಸ್ ಒಲೆ ಆರಿಸಲು ಕೈ ಚಾಚಿ, ಟೋಫಿಸ್‌ನ ಮುಖ ನೋಡಿದ.

ಟೋಫಿಸ್ ಎದ್ದ. ಕೆಂಪು ಕುರ್ಚಿಯನ್ನು ಬಾಗಿಲ ಕೆಳಗೆ ಎಳೆದು, ಪಟ ಎತ್ತಿಕೊಂಡು, ಮಂಡಿ ಹಿಡಿದು ಹತ್ತಿದ. ಮಂತ್ರಿಯ ಮೂಗಿನ ಮೇಲಿನ ದೂಳನ್ನು ತೋಳಿನಿಂದ ಒರೆಸಿ, ಹಳೇ ಮೊಳೆಗೆ ನೇತುಹಾಕಿದ.

"ಮಂತ್ರಿ ಮಾಡಿದ್ರಲ್ಲಿ ತಪ್ಪೇನಿದೆ?" ಎಂದ, ಎಲ್ಲರಿಗೂ ಕೇಳುವಂತೆ. "ದೇಶ ಚೆನ್ನಾಗೇ ಇದೆ. ನಿಮ್ಮಂಥ ಸೋಮಾರಿಗಳ ಕಣ್ಣಿಗೆ ಕಾಣಲ್ಲ, ಅಷ್ಟೆ."

ಟೋಪಿ ಹಾಕಿಕೊಂಡಿದ್ದವನು ಅದನ್ನು ತೆಗೆದು ಮೇಜಿಗೆ ಬಡಿದ. ಎಲ್ಲರೂ ಒಟ್ಟಿಗೆ ಕೂಗತೊಡಗಿದರು. "ಏನಂದೆ? ಇನ್ನೊಂದ್ಸಲ ಅನ್ನು!" ಸಾವಾಸ್‌ನ ಕತ್ತಿನ ನರ ಉಬ್ಬಿತು. "ಯಾಕೋವಿಸ್, ಇನ್ನೊಂದು ಕಾಫಿ ಹಾಕು! ಇವತ್ತು ಇವನಿಗೆ ಬುದ್ಧಿ ಕಲಿಸದೆ ಮನೆಗೆ ಹೋಗಲ್ಲ!"

ಯಾಕೋವಿಸ್ ಒಲೆಯ ಉರಿ ಏರಿಸಿ ಬಾಗಿಲ ಬಳಿ ಬಂದ. ಟೋಫಿಸ್ ಮಾತ್ರ ಕುರ್ಚಿಯಿಂದ ಇಳಿಯಲಿಲ್ಲ. ಪಟ ಅಲ್ಲಾಡುತ್ತಿತ್ತು. ಅದನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಆ ಗಲಾಟೆಯ ನಡುವೆ ಯಾಕೋವಿಸ್‌ಗೆ ಮಾತ್ರ ಕೇಳುವ ಹಾಗೆ ಬಗ್ಗಿ ಹೇಳಿದ:

"ಸುತ್ತಿಗೆ ಕೊಡೋ. ಮೊಳೆ ಸಡಿಲಾಗಿದೆ."